ಎಲ್ಲವೂ ಸಹವಾಸ ದೋಷವೇ?

ಹೊಸತೊಡಕಿನ ಮರುದಿನ ನಮ್ಮಂಥ ಹಳ್ಳಿ ವೈದ್ಯರಿಗೆ ಕೆಲಸ ಜಾಸ್ತಿ. ಹಿಂದಿನ ದಿನದ ಬಾಡೂಟ ಕೆಲವರಿಗೆ ಅರಗಿರುವುದಿಲ್ಲ. ಇನ್ನು ಕೆಲವರಿಗೆ ಬಾಡೂಟದ ಜೊತೆಗೆ ಹೊಟ್ಟೆಗೆ ಇಳಿದದ್ದು ಅರಗಿರುವುದಿಲ್ಲ. ಅಂಥದೇ ಒಂದು ಬೆಳಿಗ್ಗೆ ಲಕ್ಕೂರಿನಲ್ಲಿ ನಾನು ಕ್ಲಿನಿಕ್ಕಿನ ಬಾಗಿಲು ತೆಗೆಯುವ ಮೊದಲೇ ಗಂಡ ಹೆಂಡತಿ ಇಬ್ಬರು ಮಗನನ್ನು ನಡುವೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕಾದಿದ್ದರು. ಹುಡುಗನಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಮೈ ತಣ್ಣಗೆ ಬೆವೆತಿತ್ತು. ಕೈ ನಡುಗುತ್ತಿತ್ತು. ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸಿ ಹೇಳುತ್ತಿದ್ದ.

"ಗ್ಯಾಸ್ಟ್ರಿಕ್ ಸಾರ್, ರಾತ್ರಿಯೆಲ್ಲಾ ವಾಂತಿ" ಎಂದರು ತಂದೆ. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂಬ ಒಂದು ಮಾತಿನಲ್ಲಿ ಎದೆನೋವಿನಿಂದ ಹಿಡಿದು ಅತ್ತೆ ಸೊಸೆ ಜಗಳದವರೆಗೆ ಎಲ್ಲವೂ ಅಡಗಿರುತ್ತದೆ. ಬೆರಳು ಚುಚ್ಚಿ ಸಕ್ಕರೆ ನೋಡಿದೆ. 48 ಇತ್ತು. ಗ್ಲೂಕೋಸ್ ಕೊಟ್ಟ ಹತ್ತು ನಿಮಿಷಕ್ಕೆ ಹುಡುಗನ ಕಣ್ಣು ನೆಟ್ಟಗಾದವು. ಖಾಲಿ ಹೊಟ್ಟೆಯಲ್ಲಿ ಮದ್ಯ ಬಿದ್ದರೆ ಮಕ್ಕಳಲ್ಲಿ ರಕ್ತದ ಸಕ್ಕರೆ ಹೀಗೆ ಕುಸಿಯುತ್ತದೆ. ಪಿತ್ತಜನಕಾಂಗ ಮದ್ಯವನ್ನು ಕರಗಿಸುವ ಕೆಲಸದಲ್ಲಿ ತೊಡಗಿದಾಗ ಹೊಸದಾಗಿ ಸಕ್ಕರೆ ತಯಾರಿಸುವ ಅದರ ಕೆಲಸ ಕುಂಟುತ್ತದೆ. ದೊಡ್ಡವರಲ್ಲಿ ದಾಸ್ತಾನು ಹೆಚ್ಚು, ತಡೆಯುತ್ತಾರೆ. ಹದಿನಾಲ್ಕರ ಹುಡುಗ ವಾಂತಿ ಮಾಡಿಕೊಂಡು ಮಲಗಿದರೆ ಬೆಳಗಿನ ಹೊತ್ತಿಗೆ ಎಚ್ಚರ ತಪ್ಪಿ ಫಿಟ್ಸ್ ಬರಬಹುದು. ಮನೆಯವರು ಮಾತ್ರ "ಮಲಗಲಿ, ಇಳಿಯುತ್ತೆ" ಎಂದು ಕಂಬಳಿ ಹೊದಿಸಿರುತ್ತಾರೆ.

ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದ ಮಾತು ನಾನು ಎಷ್ಟೋ ಸಲ ಕೇಳಿದ್ದೆ: "ನಮ್ಮ ಹುಡುಗ ಇಂಥವನಲ್ಲ ಸಾರ್. ಎಲ್ಲಾ ಸಹವಾಸ ದೋಷ."

ತಂದೆ ತಾಯಿಯನ್ನು ಹೊರಗೆ ಕಳುಹಿಸಿ ಹುಡುಗನ ಪಕ್ಕ ಕುಳಿತೆ. ಬಯ್ಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನು ಹೇಳಿದ್ದು ಇಷ್ಟು. ನಾಲ್ಕನೇ ತರಗತಿಯಿಂದ ಸಂಜೆ ಅಪ್ಪನಿಗೆ ನೈಂಟಿ ತಂದುಕೊಡುವುದು ಅವನ ಕೆಲಸ. ಉಳಿದ ಚಿಲ್ಲರೆ ಅವನದು. ಆರನೇ ತರಗತಿಯಲ್ಲಿದ್ದಾಗ ಮನೆಯ ಹಬ್ಬದಲ್ಲಿ ಚಿಕ್ಕಪ್ಪ ನಗುತ್ತಾ ಒಂದು ಮುಚ್ಚಳ ಕುಡಿಸಿದರು, ಎಲ್ಲರೂ ನಕ್ಕರು. ಈ ಹೊಸತೊಡಕಿಗೆ ಅವನು ಗೆಳೆಯರಿಬ್ಬರೊಂದಿಗೆ ನೀಲಗಿರಿ ತೋಪಿನಲ್ಲಿ ಕುಳಿತು ಕುಡಿದದ್ದು ನಿಜ. ಆದರೆ ಪ್ಯಾಕೆಟ್ಟು ತಂದವನು ಇವನೇ. ಅಂಗಡಿಯವನಿಗೆ ಪರಿಚಯದ ಮುಖ. ಎಂದಿನಂತೆ ಅಪ್ಪನಿಗೇ ಇರಬೇಕು ಎಂದುಕೊಂಡು ಕೊಟ್ಟ.

ಹಾಗಾದರೆ ಯಾರ ಸಹವಾಸದ ದೋಷ? ಆ ಇಬ್ಬರು ಹುಡುಗರ ಮನೆಯವರ ಪ್ರಕಾರ ದೋಷ ಇವನ ಸಹವಾಸದ್ದು!

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅಪಾಯದ ಅಂಶ ಎಂದರೆ

ತಂದೆಗೆ ಸಕ್ಕರೆ ಕಾಯಿಲೆಯಿದ್ದು, ಮಗನ ಹೊಟ್ಟೆ ಮುಂದೆ ಬಂದು, ಅವನು ನಡೆಯುವುದೇ ಇಲ್ಲವೆಂದರೆ ಮುಂದೊಂದು ದಿನ ಅವನಿಗೂ ಕಾಯಿಲೆ ಬರುವ ಸಂಭವ ಹೆಚ್ಚು. ಇದನ್ನು ನೀವೆಲ್ಲ ಒಪ್ಪುತ್ತೀರಿ. ಬಂದೇ ಬರುತ್ತದೆ ಎಂದಲ್ಲ. ಯಾವುದೂ ಇಲ್ಲದವನಿಗೆ ಬರುವುದಿಲ್ಲ ಎಂದೂ ಅಲ್ಲ. ಒಂದರ ಮೇಲೊಂದು ಸೇರಿದಷ್ಟೂ ತಕ್ಕಡಿ ಆ ಕಡೆ ವಾಲುತ್ತದೆ. ಇವನ್ನು ನಾವು ಅಪಾಯದ ಅಂಶಗಳೆನ್ನುತ್ತೇವೆ. ಹದಿಹರೆಯದವರ ಕುಡಿತಕ್ಕೂ ಮಾದಕ ವಸ್ತುಗಳ ಚಟಕ್ಕೂ ಇದೇ ಲೆಕ್ಕ. ಸಕ್ಕರೆ ಕಾಯಿಲೆಯಲ್ಲಿ ನಮ್ಮ ಕೈಯಲ್ಲಿರುವ ಅಂಶ ಊಟ ಮತ್ತು ನಡಿಗೆ. ಇಲ್ಲಿ ನಮ್ಮ ಕೈಯಲ್ಲಿರುವುದು ಯಾವುದು ಎಂಬುದೇ ಈ ವಾರದ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೆಟ್ಟ ಗೆಳೆಯರು ಈ ಸರಪಳಿಯ ಕೊನೆಯ ಕೊಂಡಿ. ಮೊದಲ ಕೊಂಡಿಗಳು ಬಹುಪಾಲು ಮನೆಯೊಳಗೇ ಇವೆ.

ಗೆಳೆಯರ ಪ್ರಭಾವ ಸುಳ್ಳೆಂದು ಹೇಳುತ್ತಿಲ್ಲ. ಹದಿನಾಲ್ಕರಲ್ಲಿ ಗೆಳೆಯನ ಒಂದು ಮಾತಿಗೆ ಇರುವ ತೂಕ ಅಪ್ಪನ ನೂರು ಮಾತಿಗೆ ಇರುವುದಿಲ್ಲ. ಆದರೆ ಯಾವ ಹುಡುಗ ಯಾವ ಗುಂಪಿಗೆ ಹೋಗಿ ಸೇರುತ್ತಾನೆ ಎಂಬುದು ಆಕಸ್ಮಿಕವಲ್ಲ. ಶಾಲೆಯಲ್ಲಿ ಕೂರಲಾಗದವನು ಶಾಲೆ ತಪ್ಪಿಸಿದವರನ್ನು ಸೇರುತ್ತಾನೆ. ಸಂಜೆ ಮನೆಗೆ ಹೋಗಲು ಹೆದರುವವನು ಸಂಜೆ ಹೊರಗಿರುವವರನ್ನು ಸೇರುತ್ತಾನೆ.

ಮೊದಲು ರಕ್ತದ ವಿಚಾರ. 1973ರಲ್ಲಿ ಡೊನಾಲ್ಡ್ ಗುಡ್‌ವಿನ್ ಎಂಬ ಮನೋವೈದ್ಯರು ಡೆನ್ಮಾರ್ಕಿನಲ್ಲಿ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಕುಡಿತದ ಚಟವಿದ್ದವರ ಗಂಡುಮಕ್ಕಳನ್ನು ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಕೊಟ್ಟಿದ್ದರು. ಹೆತ್ತ ತಂದೆಯ ಮುಖವನ್ನೇ ಕಾಣದೆ ಬೆಳೆದ ಈ ಮಕ್ಕಳಲ್ಲಿ ಕೂಡ ಕುಡಿತದ ರೋಗ ಇತರ ದತ್ತುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಂಡಿತು. ಆದುದರಿಂದ ತಂದೆಯೋ ತಾತನೋ ಸೋದರಮಾವನೋ ಕುಡಿದು ಹಾಳಾದ ಮನೆಯಲ್ಲಿ "ನನ್ನ ಮಗ ಒಂದೆರಡು ಗುಟುಕು ಕುಡಿದರೇನು" ಎಂಬ ಮಾತು ನಡೆಯುವುದಿಲ್ಲ. ಹಾಗೆಂದು "ಇವರ ವಂಶವೇ ಅಷ್ಟು" ಎಂದು ಹುಡುಗನ ಮುಂದೆ ಹೇಳುವುದೂ ತಪ್ಪು. ಅದೇ ಅಧ್ಯಯನದಲ್ಲಿ ಅಂಥ ತಂದೆಯರ ಮಕ್ಕಳ ಪೈಕಿ ಹೆಚ್ಚಿನವರು ಚಟಕ್ಕೆ ಬೀಳಲಿಲ್ಲ. ಇದನ್ನು ಆ ಹುಡುಗನಿಗೆ ಬಿಡಿಸಿ ಹೇಳಬೇಕು.

ಇಲ್ಲಿ ನಮ್ಮ ಜನರ ಒಂದು ಮೆಚ್ಚುಗೆಯ ಮಾತನ್ನು ಎತ್ತಬೇಕಾಗಿದೆ. "ನಮ್ಮವನು ಎಷ್ಟು ಕುಡಿದರೂ ಅಲುಗಾಡೋದಿಲ್ಲ" ಎಂದು ಹೆಮ್ಮೆಪಡುವವರಿದ್ದಾರೆ. ಅಮೆರಿಕದ ಮಾರ್ಕ್ ಶುಕಿಟ್ ಎಂಬ ಸಂಶೋಧಕರು ಇದನ್ನೇ ಹಲವು ವರ್ಷ ಬೆನ್ನು ಹತ್ತಿದರು. ಹರೆಯದಲ್ಲಿ ಬೇರೆಯವರಷ್ಟು ಮತ್ತೇರದೆ ನಿಲ್ಲಬಲ್ಲ ಯುವಕರೇ ಮುಂದೆ ಚಟಕ್ಕೆ ಬೀಳುವವರಲ್ಲಿ ಹೆಚ್ಚು ಎಂದು ಅವರು ಕಂಡರು. ಕಾರಣ ಸರಳ. ಒಂದು ಲೋಟಕ್ಕೆ ತಲೆ ತಿರುಗಿದವನು ಅಲ್ಲಿಗೇ ನಿಲ್ಲಿಸುತ್ತಾನೆ. ತಿರುಗದವನಿಗೆ ನಿಲ್ಲಿಸು ಎಂದು ಹೇಳುವವರು ಒಳಗೆ ಯಾರೂ ಇಲ್ಲ. ಆದುದರಿಂದ ಆ ಮಾತನ್ನು ಕೇಳಿದಾಗ ಹೆಮ್ಮೆಪಡಬೇಡಿ, ಗಾಬರಿಯಾಗಿ.

ಎರಡನೆಯದು ವಯಸ್ಸು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಅಂಶ ಇದೇ. 1997ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಹದಿನಾಲ್ಕು ಅಥವಾ ಅದಕ್ಕೂ ಮೊದಲು ಕುಡಿಯಲು ತೊಡಗಿದವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಬದುಕಿನ ಯಾವುದೋ ಘಟ್ಟದಲ್ಲಿ ಚಟದ ಹಿಡಿತಕ್ಕೆ ಸಿಕ್ಕಿದ್ದರು. ಇಪ್ಪತ್ತು ದಾಟಿದ ಮೇಲೆ ಶುರುಮಾಡಿದವರಲ್ಲಿ ಅದು ನೂರಕ್ಕೆ ಸುಮಾರು 10. ಬೇಗ ಶುರು ಮಾಡುವವರಲ್ಲಿ ಬೇರೆ ತೊಂದರೆಗಳೂ ಇರುತ್ತವೆ, ವಯಸ್ಸೊಂದನ್ನೇ ದೂರಬಾರದು ಎಂಬ ವಾದವಿದೆ. ಅದರಲ್ಲಿ ಅರ್ಥವೂ ಇದೆ. ಆದರೂ ಮಿದುಳಿನ ಮುಂಭಾಗ, ಅಂದರೆ "ಬೇಡ, ಸಾಕು" ಎಂದು ಕಡಿವಾಣ ಹಾಕುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತರ ನಂತರವೇ. ಆಸೆಪಡುವ ಭಾಗ ಅದಕ್ಕಿಂತ ಎಷ್ಟೋ ಮೊದಲೇ ಚುರುಕಾಗಿರುತ್ತದೆ. ಎತ್ತು ಬಲಿತಿದೆ, ಮೂಗುದಾರ ಇನ್ನೂ ಪೋಣಿಸಿಲ್ಲ ಎಂದಂತೆ.

ಪ್ರಮಾಣದ ಲೆಕ್ಕವನ್ನೂ ಮಾಡಿಬಿಡೋಣ. ನಮ್ಮ ಊರುಗಳಲ್ಲಿ ಹೆಚ್ಚು ಓಡಾಡುವುದು 90 ಮಿಲಿಲೀಟರಿನ ಪ್ಯಾಕೆಟ್ಟು. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 30 ಗ್ರಾಂ. ನಲವತ್ತು ಕಿಲೋ ತೂಕದ ಹುಡುಗನೊಬ್ಬ ಅದನ್ನು ಒಂದೇ ಸಲ ಕುಡಿದರೆ ಅವನ ರಕ್ತದ ನೂರು ಮಿಲಿಲೀಟರಿಗೆ ಸುಮಾರು 100 ಮಿಲಿಗ್ರಾಂ ಸೇರುತ್ತದೆ. ವಾಹನ ಓಡಿಸುವ ದೊಡ್ಡವನಿಗೆ ಕಾನೂನು ಹಾಕಿರುವ ಮಿತಿ 30. ತಂದೆ ಊಟಕ್ಕೆ ಮುಂಚೆ "ಬರೀ ನೈಂಟಿ" ಎನ್ನುವುದು ಮಗನ ಮೈಯಲ್ಲಿ ಆ ಮಿತಿಯ ಮೂರು ಪಟ್ಟು.

ಅಂಗಡಿಗೆ ಹೋಗಿ ಬಾ

ಈಗ ಆ ಹುಡುಗನ ನಾಲ್ಕನೇ ತರಗತಿಗೆ ಹೋಗೋಣ. ಮಕ್ಕಳನ್ನು ಅಂಗಡಿಗೆ ಕಳುಹಿಸುವುದು ನಮ್ಮಲ್ಲಿ ಸಾಮಾನ್ಯ. ಉಪ್ಪು, ಕಡ್ಡಿಪೆಟ್ಟಿಗೆ, ಬೀಡಿ, ಆಮೇಲೆ ಪ್ಯಾಕೆಟ್ಟು. ತಂದೆಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ತಾನೇ ಹೋದರೆ ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆಯಿಂದ ಮಗನನ್ನು ಕಳುಹಿಸುವವರೂ ಇದ್ದಾರೆ. ಆದರೆ ಮಗು ಇದರಿಂದ ನಾಲ್ಕು ಸಂಗತಿ ಕಲಿಯುತ್ತದೆ: ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಕೇಳಿದರೆ ಕೊಡುತ್ತಾರೆ, ಅದನ್ನು ಅಂಗಿಯೊಳಗೆ ಮುಚ್ಚಿಟ್ಟು ತರಬೇಕು. ಮುಂದೆ ಅವನು ಕುಡಿಯಲು ತೊಡಗಿದ ದಿನ ಹೊಸದಾಗಿ ಕಲಿಯಬೇಕಾದದ್ದು ಏನೂ ಉಳಿದಿರುವುದಿಲ್ಲ.

ಬಾಲನ್ಯಾಯ ಕಾಯ್ದೆ ಎಂಬುದೊಂದಿದೆ, 2015ರದು. ಅದರ 77ನೇ ಕಲಮಿನ ಪ್ರಕಾರ ವೈದ್ಯರ ಸಲಹೆಯಿಲ್ಲದೆ ಹದಿನೆಂಟರ ಒಳಗಿನವರಿಗೆ ಮದ್ಯವನ್ನೋ ಮಾದಕ ವಸ್ತುವನ್ನೋ ತಂಬಾಕನ್ನೋ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ನಗುತ್ತಾ ಮುಚ್ಚಳದಲ್ಲಿ ಕುಡಿಸಿದ ಚಿಕ್ಕಪ್ಪನೂ ಇದಕ್ಕೆ ಹೊರತಲ್ಲ. ಮುಂದಿನ 78ನೇ ಕಲಮು ಇವನ್ನು ಮಾರಲು, ಸಾಗಿಸಲು ಮಕ್ಕಳನ್ನು ಬಳಸಿದವರಿಗೂ ಅಷ್ಟೇ ಶಿಕ್ಷೆ ಇಟ್ಟಿದೆ. ಮನೆಗೆ ಒಂದು ಪ್ಯಾಕೆಟ್ಟು ತರಿಸಿದ ತಂದೆ ಅದರಡಿ ಬರುತ್ತಾನೋ ಇಲ್ಲವೋ ವಕೀಲರು ಹೇಳಲಿ. ಶಾಸನ ಮಾಡಿದವರು ಇದನ್ನು ಎಷ್ಟು ಗಂಭೀರವಾಗಿ ಎಣಿಸಿದ್ದಾರೆ ಎಂಬುದಷ್ಟೇ ನನಗೆ ಮುಖ್ಯ. ಕರ್ನಾಟಕದ ಅಬಕಾರಿ ನಿಯಮಗಳಂತೆ ಇಪ್ಪತ್ತೊಂದರ ಒಳಗಿನವರಿಗೆ ಮದ್ಯ ಮಾರುವಂತಿಲ್ಲ. 2023ರ ಜನವರಿಯಲ್ಲಿ ಇದನ್ನು ಹದಿನೆಂಟಕ್ಕೆ ಇಳಿಸುವ ಕರಡೊಂದು ಹೊರಬಿದ್ದು, ವಿರೋಧ ಬಂದ ಮೇಲೆ ವಾಪಸಾಯಿತು. ಒಳ್ಳೆಯದಾಯಿತು. ಆದರೆ ಹತ್ತು ವರ್ಷದವನ ಕೈಗೆ ಪ್ಯಾಕೆಟ್ಟು ಕೊಡುವ ಪೆಟ್ಟಿ ಅಂಗಡಿಯ ಮುಂದೆ ಹದಿನೆಂಟೋ ಇಪ್ಪತ್ತೊಂದೋ ಎಂಬ ಚರ್ಚೆ ಕೇಳಿದರೆ ನಗು ಬರುತ್ತದೆ.

"ಸರ್ಕಾರ ಎಲ್ಲವನ್ನೂ ನಿಷೇಧಿಸಿಬಿಟ್ಟರೆ ಸರಿಹೋಗುತ್ತೆ ಸಾರ್" ಎನ್ನುತ್ತಾರೆ ಹಲವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಎಷ್ಟೋ ಹೆಣ್ಣುಮಕ್ಕಳು ನೆಮ್ಮದಿಯ ಉಸಿರುಬಿಟ್ಟರು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಜಿಲ್ಲೆ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧ ಬೇಡವೆಂದು ಇದನ್ನು ಹೇಳುತ್ತಿಲ್ಲ. ಸರ್ಕಾರ ಮಾಡುವ ತನಕ ಕಾಯದೆ ನಾಳೆ ಸಂಜೆಯೇ ಮಾಡಬಹುದಾದ ಒಂದು ನಿಷೇಧವಿದೆ. ಮಗನನ್ನು ಆ ಅಂಗಡಿಗೆ ಕಳುಹಿಸಬೇಡಿ.

ಇನ್ನೊಂದು ಮಾತು ಮನೆಗಳಲ್ಲಿ ಸದಾ ಕೇಳುತ್ತದೆ: "ಈಗಿನ ಹುಡುಗರೆಲ್ಲಾ ಕುಡೀತಾರೆ ಬಿಡಿ." ಇದು ನಿಜವಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹತ್ತರಿಂದ ಹದಿನೇಳು ವರ್ಷದೊಳಗಿನವರಲ್ಲಿ ಮದ್ಯ ಸೇವಿಸುವವರು ನೂರಕ್ಕೆ 1.3. ಮನೆಗೆ ಬಂದು ಕೇಳಿದವರಿಗೆ ಎಲ್ಲ ಮಕ್ಕಳೂ ನಿಜ ಹೇಳಿರಲಾರರು, ಒಪ್ಪೋಣ. ದುಪ್ಪಟ್ಟು ಮಾಡಿಕೊಳ್ಳಿ, ಮೂರು ಪಟ್ಟು ಮಾಡಿಕೊಳ್ಳಿ. ಆಗಲೂ ಕುಡಿಯದ ಹುಡುಗರೇ ಬಹುಮತ. ಎಲ್ಲರೂ ಕುಡಿಯುತ್ತಾರೆಂದು ದೊಡ್ಡವರೇ ದಿನವೂ ಹೇಳಿದರೆ, ಕುಡಿಯದ ಹುಡುಗನಿಗೆ ತನ್ನಲ್ಲೇ ಏನೋ ಕೊರತೆಯಿದೆ ಎನಿಸುತ್ತದೆ.

ಶಾಲೆಯ ಬೆಂಚಿನಿಂದ ಕಾರ್ಖಾನೆಯ ಗೇಟಿನವರೆಗೆ

ಮಾಲೂರಿನ ಸುತ್ತ ಹಂಚು, ಇಟ್ಟಿಗೆ ಕಾರ್ಖಾನೆಗಳು ಹಿಂದಿನಿಂದಲೂ ಇವೆ. ಈಗ ಕೈಗಾರಿಕಾ ಪ್ರದೇಶ ಬಂದಿದೆ, ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗುವವರಿದ್ದಾರೆ, ಟೊಮೆಟೊ ಕಾಲದಲ್ಲಿ ಮಂಡಿಗಳಲ್ಲಿ ಲೋಡಿಂಗ್ ಕೂಲಿ ಇದೆ. ಎಸ್ಸೆಸ್ಸೆಲ್ಸಿ ಫೇಲಾದ ಹದಿನಾರರ ಹುಡುಗ ಸುಮ್ಮನೆ ಕೂರುವುದಿಲ್ಲ, ಹೇಗೋ ದುಡಿಯುತ್ತಾನೆ. ಶನಿವಾರ ಕೈಗೆ ನಗದು ಬರುತ್ತದೆ. ಅದರಲ್ಲಿ ಅರ್ಧ ತಾಯಿಗೆ ಕೊಡುತ್ತಾನೆ, ಆದುದರಿಂದ ಉಳಿದರ್ಧ ಏನಾಯಿತೆಂದು ಕೇಳುವ ಬಾಯಿ ಮನೆಯಲ್ಲಿ ಇರುವುದಿಲ್ಲ. ಜೊತೆಗೆ ಕೆಲಸ ಮಾಡುವವರು ಅವನಿಗಿಂತ ಹತ್ತು, ಹದಿನೈದು ವರ್ಷ ದೊಡ್ಡವರು. ಮೈಕೈ ನೋವಿಗೆ ಅವರು ಮಾಡುವ ಮದ್ದನ್ನೇ ಇವನೂ ಮಾಡುತ್ತಾನೆ. ದುಡಿಮೆ ಕೆಟ್ಟದ್ದಲ್ಲ. ಓದು ನಿಂತು, ಕೈಗೆ ನಗದು ಬಂದು, ಸುತ್ತಲೂ ದೊಡ್ಡವರೇ ಇದ್ದು, ಮನೆಯ ಕಣ್ಣು ತಪ್ಪುವುದು, ಈ ನಾಲ್ಕೂ ಒಟ್ಟಿಗೆ ಸೇರುವುದು ಕೆಟ್ಟದ್ದು.

ಇದರ ಬೇರು ಇನ್ನೂ ಹಿಂದಕ್ಕಿದೆ. ಎರಡನೇ ತರಗತಿಯಲ್ಲೇ ಒಂದು ಕಡೆ ಕೂರದ, ಮಾತಿನ ಮಧ್ಯೆ ಬಾಯಿ ಹಾಕುವ, ಮರ ಹತ್ತಿ ಬಿದ್ದು ಕೈ ಮುರಿದುಕೊಳ್ಳುವ ಹುಡುಗನನ್ನು ನಾವು "ತಂಟೆ" ಎನ್ನುತ್ತೇವೆ. ಇವರಲ್ಲಿ ಕೆಲವರಿಗೆ ಗಮನ ನಿಲ್ಲದ, ಚಡಪಡಿಕೆಯ ಒಂದು ತೊಂದರೆ ಇರುತ್ತದೆ. ಇನ್ನು ಕೆಲವರಿಗೆ ಅಕ್ಷರ ಹಿಡಿಯುವುದೇ ಕಷ್ಟ. ಎರಡನ್ನೂ ಗುರುತಿಸಬಹುದು, ನೆರವು ಕೊಡಬಹುದು. ಗುರುತಿಸದಿದ್ದರೆ ಆ ಮಗುವಿಗೆ ಎಂಟು ವರ್ಷ ಸಿಗುವುದು ಪೆಟ್ಟು ಮತ್ತು "ದಡ್ಡ" ಎಂಬ ಹೆಸರು. ಹದಿಮೂರಕ್ಕೆ ಯಾರೋ ಒಬ್ಬರು "ನೀನು ಗಂಡಸು ಕಣೋ" ಎಂದು ಬೆನ್ನು ತಟ್ಟಿದರೆ ಅದು ಅವನಿಗೆ ಎಷ್ಟು ಸಿಹಿಯಾಗಿರಬೇಕು ಯೋಚಿಸಿ. ನಿಮ್ಹಾನ್ಸ್‌ನ ವೈದ್ಯರು ಕುಡಿತದ ಚಟವಿರುವವರ ಮಕ್ಕಳನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ಚಡಪಡಿಕೆ, ದುಡುಕಿನ ಸ್ವಭಾವ ಈ ಮಕ್ಕಳಲ್ಲಿ ಹೆಚ್ಚು ಎಂಬುದು ಆ ಅಧ್ಯಯನಗಳಲ್ಲಿ ಕಂಡುಬಂದ ಮುಖ್ಯ ಸಂಗತಿ.

ಮನೆಯೊಳಗಿನ ಪೆಟ್ಟಿನ ಬಗ್ಗೆಯೂ ಒಂದು ಮಾತು. 1998ರಲ್ಲಿ ಅಮೆರಿಕದ ವೈದ್ಯರು ಸಾವಿರಾರು ವಯಸ್ಕರನ್ನು ಬಾಲ್ಯದ ಬಗ್ಗೆ ಕೇಳಿ ಒಂದು ವರದಿ ಪ್ರಕಟಿಸಿದರು. ಹೊಡೆತ, ಲೈಂಗಿಕ ಶೋಷಣೆ, ತಾಯಿಯನ್ನು ಹೊಡೆಯುವುದನ್ನು ನೋಡುತ್ತಾ ಬೆಳೆದದ್ದು, ಮನೆಯಲ್ಲಿ ಕುಡುಕರಿದ್ದದ್ದು, ಹೀಗೆ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮುಂದೆ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವು ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು. ಹೆಣ್ಣುಮಕ್ಕಳ ಮಾತು ಬಂದಾಗ ನಮ್ಮ ಓದುಗರು "ನಮ್ಮ ಕಡೆ ಅದೆಲ್ಲಾ ಇಲ್ಲ" ಎನ್ನುತ್ತಾರೆ. ಕುಡಿತ ಕಡಿಮೆ, ನಿಜ. ಆದರೆ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ಲೆಕ್ಕವಿಲ್ಲದೆ ನುಂಗುವ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರ ಕಷ್ಟಕ್ಕೆ ವಾಸನೆ ಬರುವುದಿಲ್ಲ, ಅಷ್ಟೇ.

ಹತ್ತು ರೂಪಾಯಿಯ ವಿಷ

ಮಾದಕ ವಸ್ತು ಎಂದೊಡನೆ ಎಲ್ಲರ ಕಣ್ಣು ಬೆಂಗಳೂರಿನ ಪಾರ್ಟಿಗಳ ಕಡೆ, ಟಿವಿಯ ಸುದ್ದಿಯ ಕಡೆ ಹೋಗುತ್ತದೆ. ನಮ್ಮ ಹೋಬಳಿಯಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ನು, ಬಣ್ಣದ ಅಂಗಡಿಯ ಥಿನ್ನರು. ಬಟ್ಟೆಗೆ ಹಚ್ಚಿ ಮೂಗಿನಿಂದ ಎಳೆದುಕೊಳ್ಳುತ್ತಾರೆ. 2019ರ ಅದೇ ಸಮೀಕ್ಷೆಯಲ್ಲಿ ಮೂಸುವ ಈ ವಸ್ತುಗಳದ್ದು ಮಾತ್ರ ತಲೆಕೆಳಗಾದ ಲೆಕ್ಕ: ದೊಡ್ಡವರಲ್ಲಿ ನೂರಕ್ಕೆ 0.58 ಇದ್ದರೆ ಮಕ್ಕಳಲ್ಲಿ 1.17. ಬೇರೆ ಯಾವ ಮಾದಕ ವಸ್ತುವಿನಲ್ಲೂ ಮಕ್ಕಳು ದೊಡ್ಡವರನ್ನು ಮೀರಿಸಿಲ್ಲ. ಬೆಲೆ ಅಗ್ಗ, ಕೇಳುವವರಿಲ್ಲ, ಅಂಗಡಿಯವನಿಗೂ ಅನುಮಾನ ಬರುವುದಿಲ್ಲ.

ಅದರಲ್ಲಿರುವ ಟಾಲ್ವೀನ್‌ನಂಥ ರಾಸಾಯನಿಕ ನರಗಳನ್ನೂ ಮಿದುಳನ್ನೂ ಕೆಡಿಸುತ್ತದೆ. ಇನ್ನೂ ದೊಡ್ಡ ಅಪಾಯ ಹೃದಯಕ್ಕೆ. ಮೂಸಿದ ಹೊತ್ತಿನಲ್ಲಿ ಹೃದಯ ಬಹಳ ನಾಜೂಕಾಗಿರುತ್ತದೆ, ಆಗ ಹೆದರಿ ಓಡಿದರೆ ಬಡಿತ ತಾಳತಪ್ಪಿ ಅಲ್ಲೇ ಸಾವು ಬರಬಹುದು. ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು. ಆದುದರಿಂದ ಹುಡುಗರು ಕೆರೆಯ ಮರೆಯಲ್ಲಿ ಮೂಸುತ್ತಿರುವುದು ಕಂಡರೆ ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋಗಬೇಡಿ. ಮೆತ್ತಗೆ ಹತ್ತಿರ ಹೋಗಿ, ಬಟ್ಟೆ ತೆಗೆದುಕೊಂಡು, ಗಾಳಿ ಆಡುವ ಕಡೆ ಕೂರಿಸಿ. ಮಾತು ಆಮೇಲೆ. ಬಟ್ಟೆಯಲ್ಲಿ ಬಣ್ಣದ ವಾಸನೆ, ಬಾಯಿ ಮೂಗಿನ ಸುತ್ತ ಹುಣ್ಣು, ಕಾರಣವಿಲ್ಲದೆ ಖರ್ಚಾಗುವ ಸಲ್ಯೂಷನ್ನು, ಇವು ಗುರುತು.

ಗಾಂಜಾದ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಬುದ್ಧಿಭ್ರಮಣೆಯ ಕಾಯಿಲೆ ಇದ್ದರೆ, ಹದಿಹರೆಯದಲ್ಲಿ ಗಾಂಜಾ ಸೇದುವುದು ಮಲಗಿರುವ ಆ ಕಾಯಿಲೆಯನ್ನು ಎಬ್ಬಿಸಬಹುದು. "ಸೊಪ್ಪು ತಾನೇ" ಎಂಬ ಸಮಾಧಾನ ಬೇಡ.

ಕದ್ದು ಕೊಡುವ ಪುಡಿ

ತಿಂಗಳಿಗೆ ಒಬ್ಬರಾದರೂ ಬಂದು ಕೇಳುತ್ತಾರೆ: "ಸಾರ್, ಸಾರಿನಲ್ಲಿ ಕಲಸಿ ಕೊಡೋ ಪುಡಿ ಇದೆಯಂತಲ್ಲ, ಅದನ್ನ ಬರೆದುಕೊಡಿ." ನಾನು ಬರೆಯುವುದಿಲ್ಲ. ಇಂಥ ಪುಡಿಗಳಲ್ಲಿ ಏನಿದೆಯೆಂದು ತಿಳಿಯದು. ಡೈಸಲ್ಫಿರಾಂ ಎಂಬ ಮಾತ್ರೆ ಇದೆ, ನಿಜವಾದ ಔಷಧವೇ. ಆದರೆ ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣವೂ ಹೋಗಬಹುದು. ಪೂರ್ತಿ ತಿಳಿದು ಒಪ್ಪಿದ ದೊಡ್ಡವನಿಗೆ ಮಾತ್ರ, ಪರೀಕ್ಷೆ ಮಾಡಿ ಕೊಡಬೇಕಾದ ಔಷಧ ಅದು. ಕದ್ದು ಕೊಡುವುದು ವಿಷ ಹಾಕಿದಂತೆ. ಹುಡುಗನಿಗಂತೂ ಬೇಡವೇ ಬೇಡ. "ಬಿಡಿಸುವ ಕೇಂದ್ರ"ಗಳ ಬಗ್ಗೆಯೂ ಎಚ್ಚರವಿರಲಿ. ನೋಂದಣಿ ಇದೆಯೇ, ಮನೋವೈದ್ಯರು ಬರುತ್ತಾರೆಯೇ, ಮಗನನ್ನು ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಕೂಡಿಹಾಕಿ ಹೊಡೆಯುವ ಜಾಗದಿಂದ ಮಕ್ಕಳು ಕಲಿತು ಬರುವುದು ಸುಳ್ಳು ಹೇಳುವುದನ್ನು.

ಹಾಗಾದರೆ ಏನು ಮಾಡಬೇಕು? ವಾಸನೆ ಬಂದ ರಾತ್ರಿ ಏನೂ ಕೇಳಬೇಡಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ, ಒಬ್ಬರು ಜೊತೆಗಿರಿ, ಎಬ್ಬಿಸಿದರೆ ಏಳದಿದ್ದರೆ, ಉಸಿರು ಏರುಪೇರಾದರೆ ಆಗಲೇ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ. ಮಾರನೆಯ ದಿನ, ಅವನ ಹೊಟ್ಟೆ ತುಂಬಿದ ಮೇಲೆ, ಇಬ್ಬರೇ ಕುಳಿತು "ಯಾವಾಗಿಂದ, ಎಲ್ಲಿ, ಏನಕ್ಕೆ" ಎಂದು ಕೇಳಿ. "ಯಾರ ಜೊತೆ" ಎಂಬ ಪ್ರಶ್ನೆಯನ್ನು ಕೊನೆಗಿಡಿ. ಅದನ್ನೇ ಮೊದಲು ಕೇಳಿದರೆ ಗೆಳೆಯನನ್ನು ಉಳಿಸಲು ಉಳಿದದ್ದೆಲ್ಲವನ್ನೂ ಮುಚ್ಚಿಡುತ್ತಾನೆ. ಸಂಜೆ ಅವನು ಎಲ್ಲಿರುತ್ತಾನೆ ಎಂಬುದು ನಿಮಗೆ ತಿಳಿದಿರಲಿ. ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1998ರಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಅವರು ಭಾಷಣ ಕಡಿಮೆ ಮಾಡಿ, ಆಟದ ಮೈದಾನಕ್ಕೂ ಸಂಗೀತ ತರಗತಿಗೂ ಹಣ ಹಾಕಿದರು, ರಾತ್ರಿ ಮಕ್ಕಳು ಮನೆಯಲ್ಲಿರಬೇಕೆಂದು ತಂದೆ ತಾಯಿಗಳೇ ಒಟ್ಟಿಗೆ ಕುಳಿತು ತೀರ್ಮಾನಿಸಿದರು. ಅವರಷ್ಟು ಹಣ ನಮ್ಮ ಪಂಚಾಯಿತಿಗಿಲ್ಲ. ವಾಲಿಬಾಲ್ ನೆಟ್ಟಿಗೆ ಅಷ್ಟು ಹಣ ಬೇಕಾಗಿಯೂ ಇಲ್ಲ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ನೆರವು ಸಿಗುತ್ತದೆ. ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದಲೇ ಮಾತನಾಡಲು 14416 ಟೆಲಿ ಮಾನಸ್, ಮಕ್ಕಳಿಗೆ 1098. ಈ ಕರೆಗಳಿಗೆ ದುಡ್ಡಿಲ್ಲ. ಚಿಕಿತ್ಸೆಗೆ ಬಂದ ಹುಡುಗನನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆ ಎಂಬ ಹೆದರಿಕೆ ಹಲವರಲ್ಲಿದೆ. ಅದು ವೈದ್ಯರ ಕೆಲಸವಲ್ಲ.

ಆ ಹುಡುಗನ ತಂದೆ ಎರಡು ವಾರ ಬಿಟ್ಟು ಒಬ್ಬರೇ ಬಂದರು. ಎಲ್ಲ ರೋಗಿಗಳು ಹೋಗುವವರೆಗೂ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಮಗ ಹೇಗಿದ್ದಾನೆ ಎಂದು ಕೇಳಿದೆ. "ಈಗ ಅಂಗಡಿಗೆ ನಾನೇ ಹೋಗ್ತೀನಿ ಸಾರ್" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದೇ ಸಲ ಬಿಟ್ಟರೆ ಕೈನಡುಕ ಎಷ್ಟು ದಿನ ಇರುತ್ತೆ?" ಎಂದು ಕೇಳಿದರು. ಹದಿನೆಂಟು ವರ್ಷದಿಂದ ದಿನವೂ ಕುಡಿಯುವವರು ಹಾಗೆ ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು, ಎರಡು ಮೂರು ದಿನಕ್ಕೆ ಫಿಟ್ಸ್ ಬರಬಹುದು, ಭ್ರಮೆ ಹತ್ತಬಹುದು, ಕೆಲವು ದಿನ ಔಷಧ ಕೊಟ್ಟು ವೈದ್ಯರ ಕಣ್ಣಳತೆಯಲ್ಲಿ ನಿಲ್ಲಿಸಬೇಕು ಎಂದು ತಿಳಿಸಿ ಕೋಲಾರಕ್ಕೆ ಚೀಟಿ ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಮನೆಯಲ್ಲಿ ಇನ್ನೂ ಹೇಳಿಲ್ಲ, ಹೋಗುವ ದಿನ ಹೇಳುತ್ತೇನೆ ಎಂದು ಹೊರಟರು.